ಅಬ್ಬಾ ಇನ್ನೂ ಗಾಡಿ ಓಡಿಸಬಹುದೇ?

ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದ ಅಬ್ಬಾ ಅಥವಾ ದಾದಾ ಇದ್ದಾರೆಯೇ? ಅವರು ಇಂದಿಗೂ ಸ್ಕೂಟರನ್ನೋ ಮೊಪೆಡ್ಡನ್ನೋ ಆಟೋವನ್ನೋ ಓಡಿಸುತ್ತಾರೆಯೇ? ಹಾಗಿದ್ದರೆ ಬಿಸಿಲಿರುವಾಗ ಆ ಗಾಡಿಯ ಸುತ್ತ ಒಮ್ಮೆ ನಿಧಾನವಾಗಿ ನಡೆದು ನೋಡಿ. ಹೊಸ ಗೀರು, ಒಡೆದ ಕನ್ನಡಿ, ಬಾಗಿದ ಬ್ರೇಕ್ ಹಿಡಿ ಏನಾದರೂ ಕಂಡರೆ ಯಾವಾಗ ಆಯಿತೆಂದು ಕೇಳಿ. ಒಂದು ಗೀರಿನಿಂದ ಏನೂ ಸಾಬೀತಾಗುವುದಿಲ್ಲ, ನಮ್ಮ ರಸ್ತೆಗಳಲ್ಲಿ ಗೀರಿಲ್ಲದ ಗಾಡಿಯೇ ಅಪರೂಪ. ಆದರೆ ಹೇಗಾಯಿತೆಂದು ಅವರಿಗೆ ನೆನಪೇ ಇಲ್ಲದಿದ್ದರೆ, ಅಥವಾ ಕೇಳಿದ್ದಕ್ಕೇ ಎಂದೂ ಇಲ್ಲದ ಸಿಟ್ಟು ಬಂದರೆ, ಮುಂದಿನದನ್ನು ಪೂರ್ತಿ ಓದಿ.

ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ ಕಡೆಯ ಕುಟುಂಬಗಳಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಇಲ್ಲಿನ ದುಡಿಯುವ ಮಂದಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುವುದು ರೂಢಿಯಾಗಿದೆ. ಹಗಲಲ್ಲಿ ಮನೆಯಲ್ಲಿ ಉಳಿಯುವ ಗಂಡಸರೆಂದರೆ ಹೆಚ್ಚಾಗಿ ವಯಸ್ಸಾದವರೇ. ಮಾರ್ಕೆಟ್ಟು, ಪಿಂಚಣಿಗಾಗಿ ಬ್ಯಾಂಕು, ಮೊಮ್ಮಕ್ಕಳನ್ನು ಶಾಲೆಗೂ ಮದ್ರಸಕ್ಕೂ ಬಿಡುವುದು, ಎಲ್ಲವೂ ಅವರ ಗಾಡಿಯ ಮೇಲೆಯೇ ನಡೆಯುತ್ತದೆ. ಅವರ ಚಾಲನೆ ಹದಗೆಟ್ಟರೆ ಅದನ್ನು ನೋಡಲು ಮಗ ಊರಲ್ಲಿರುವುದಿಲ್ಲ. ಊರಲ್ಲಿದ್ದು ನೋಡುವ ಸೊಸೆಗೆ ಮಾವನ ಎದುರು ಬಾಯಿ ಬರುವುದಿಲ್ಲ.

ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಶಿಯಾ, ದೊಡ್ಡ ನಗರದ ದೊಡ್ಡ ಮನೆಗಳ ಕಾಯಿಲೆ ಎಂದು ಇನ್ನೂ ಭಾವಿಸಿರುವವರಿದ್ದಾರೆ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನರಿಗೆ ಈ ತೊಂದರೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ನಮ್ಮ ಕೋಲಾರ ಜಿಲ್ಲೆಯ ಮಟ್ಟಿಗೆ ಇದು ದೂರದ ಸುದ್ದಿಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ನಡೆಸುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿಯೂ ಕೋಲಾರ ಒಂದು. ಇಷ್ಟೆಲ್ಲ ಇದ್ದೂ, ಈ ಕಾಯಿಲೆ ಇರುವವರು ರಸ್ತೆಗಿಳಿಯಬಹುದೇ ಎಂಬ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ಯಾರೂ ಇಲ್ಲ. ಆರ್‌ಟಿಒ ಕೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ, ಮನೆಯವರು ಹೆದರಿ ಸುಮ್ಮನಿರುತ್ತಾರೆ. ಮೊದಲು ಕೇಳಬೇಕಾದವರು ಮನೆಯವರೇ ಎಂಬುದು ನನ್ನ ಅಭಿಪ್ರಾಯ.

“ನಲವತ್ತು ವರ್ಷದಿಂದ ಓಡಿಸ್ತಿದ್ದಾರೆ, ಅವರಿಗೇನು ಹೇಳಿಕೊಡೋದು” ಎಂಬ ಮಾತು ನಮ್ಮನ್ನು ಮೋಸಗೊಳಿಸುತ್ತದೆ. ಕೈಕಾಲಿಗೆ ಅಭ್ಯಾಸವಾದ ವಿದ್ಯೆ ಮೆದುಳಿನಲ್ಲಿ ಒಂದು ಕಡೆ ಭದ್ರವಾಗಿ ಕೂತಿರುತ್ತದೆ, ಕಾಯಿಲೆ ಅದನ್ನು ಮುಟ್ಟುವುದು ತಡವಾಗಿ. ಗಮನ, ದೂರದ ಅಂದಾಜು, ಎರಡು ಸಂಗತಿಗಳನ್ನು ಒಟ್ಟಿಗೆ ನಿಭಾಯಿಸುವುದು, ತಕ್ಷಣದ ತೀರ್ಮಾನ, ಇವು ಮೊದಲೇ ಕುಂದುತ್ತವೆ. ನಮಾಝಿನಲ್ಲಿ ಇದನ್ನು ನೀವು ಕಂಡಿರಬಹುದು. ಮರೆವಿನ ಕಾಯಿಲೆ ಇರುವ ಹಿರಿಯರು ಫಾತಿಹಾವನ್ನು ಒಂದಕ್ಷರ ತಪ್ಪದೆ ಓದುತ್ತಾರೆ, ರುಕೂಅ್ ಸುಜೂದ್ ಎಲ್ಲವೂ ಸರಿಯಾಗಿರುತ್ತದೆ, ಎಷ್ಟನೇ ರಕಅತ್‌ನಲ್ಲಿದ್ದೇವೆ ಎಂಬುದು ಮಾತ್ರ ದಿನದಿನವೂ ತಪ್ಪುತ್ತದೆ. (ಒಮ್ಮೊಮ್ಮೆ ಎಣಿಕೆ ತಪ್ಪುವುದು ಎಲ್ಲರಿಗೂ ಆಗುವುದೇ, ಸಜ್ದಾ ಸಹ್ವ್ ಇರುವುದೇ ಅದಕ್ಕೆ. ಅಷ್ಟಕ್ಕೆ ಗಾಬರಿಯಾಗಬೇಡಿ.) ಗಾಡಿಯಲ್ಲೂ ಹಾಗೆಯೇ. ಕಿಕ್ ಹೊಡೆಯುವುದು, ಗೇರು ಬದಲಿಸುವುದು ಮೊದಲಿನಷ್ಟೇ ಸಲೀಸು. ಬಲಕ್ಕೆ ತಿರುಗುವಾಗ ಎದುರಿನ ಲಾರಿ ಎಷ್ಟು ವೇಗದಲ್ಲಿ ಬರುತ್ತಿದೆ ಎಂಬ ಲೆಕ್ಕ ಮಾತ್ರ ತಪ್ಪುತ್ತದೆ. ಖಾಲಿ ರಸ್ತೆಯಲ್ಲಿ ಹಿಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ರೈಲ್ವೆ ಗೇಟು ತೆರೆದ ಕೂಡಲೇ ನುಗ್ಗುವ ಗಾಡಿಗಳ ನಡುವೆ ಗೊತ್ತಾಗುತ್ತದೆ.

ಕಾಯಿಲೆಯಲ್ಲೂ ಬಗೆಗಳಿವೆ. ಅಲ್ಝೈಮರ್ಸ್‌ನಲ್ಲಿ ದಾರಿ ತಪ್ಪುವುದು ಹೆಚ್ಚು. ಇಲ್ಲಿನ ಗಣಿ ಕಾಲೊನಿಗಳಲ್ಲಿ ಸಾಲು ಮನೆಗಳು ಒಂದರಂತೆ ಒಂದು ಇರುವುದರಿಂದ ಹೊಸಬರಿಗೂ ದಾರಿ ತಪ್ಪುತ್ತದೆ, ನಿಜ. ಆದರೆ ಅಲ್ಲೇ ಹುಟ್ಟಿ ಬೆಳೆದವರು ತಮ್ಮ ಸಾಲನ್ನು ದಾಟಿ ಮುಂದೆ ಹೋಗುತ್ತಿದ್ದರೆ ಅದು ಬೇರೆ ಸಂಗತಿ. ಮೆದುಳಿನ ಮುಂಭಾಗವನ್ನು ಹಿಡಿಯುವ ಇನ್ನೊಂದು ಬಗೆಯಲ್ಲಿ ನೆನಪು ಚೆನ್ನಾಗಿಯೇ ಇದ್ದು ಸಂಯಮ ಹೋಗುತ್ತದೆ. ಎಂದೂ ಜೋರಾಗಿ ಹೋಗದವರು ಸಿಗ್ನಲ್ ಹಾರಿಸುತ್ತಾರೆ, ಹಾರ್ನ್ ಹೊಡೆದವರೊಂದಿಗೆ ಜಗಳಕ್ಕಿಳಿಯುತ್ತಾರೆ. ಮತ್ತೊಂದು ಬಗೆಯಲ್ಲಿ ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಮಂಕಾಗುತ್ತಾರೆ, ಇಲ್ಲದ ಮನುಷ್ಯರು ಎದುರಿಗೆ ಕಾಣಿಸುತ್ತಾರೆ. ಈ ಕೊನೆಯದಿದ್ದರೆ ಗಾಡಿಯ ಮಾತೇ ಬೇಡ.

ಕಾನೂನಿಗೆ ಬರೋಣ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ನಮೂನೆ 1 ನಮ್ಮದೇ ಘೋಷಣೆ. ಮೂರ್ಛೆ ಬರುತ್ತದೆಯೇ, ಕೆಂಪು ಹಸಿರು ಗುರುತಿಸಬಲ್ಲಿರಾ, ಜನರಿಗೆ ಅಪಾಯ ತರುವಂಥ ಬೇರೆ ಕಾಯಿಲೆ ಇದೆಯೇ ಎಂದು ಅದು ಕೇಳುತ್ತದೆ. 40 ದಾಟಿದವರಿಗೆ ವೈದ್ಯರು ಸಹಿ ಹಾಕಬೇಕಾದ ನಮೂನೆ 1ಎ ಬೇರೆ ಇದೆ. ಚಾಲನೆಗೆ ಅಡ್ಡಿಯಾಗುವ ಮಾನಸಿಕ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಅದರಲ್ಲಿದೆ. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಲೈಸೆನ್ಸ್ ನವೀಕರಣ 5 ವರ್ಷಕ್ಕೊಮ್ಮೆ. ಅಂದರೆ ಮರೆಗುಳಿ ಕಾಯಿಲೆ ಶುರುವಾಗಿ ಬಲಿಯುವಷ್ಟು ಕಾಲ ಯಾರೂ ಏನೂ ಕೇಳುವುದಿಲ್ಲ. ನಡುವೆ ಅನುಮಾನ ಬಂದರೆ ವೈದ್ಯಕೀಯ ಪ್ರಮಾಣಪತ್ರ ಕೇಳುವ, ಲೈಸೆನ್ಸ್ ರದ್ದು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 16ನೇ ಕಲಮಿನಲ್ಲಿ ಆರ್‌ಟಿಒಗೆ ಇದೆ. ಅಪಾಯವಾಗುವಂಥ ಕಾಯಿಲೆ ಇದೆಯೆಂದು ಗೊತ್ತಿದ್ದೂ ಓಡಿಸಿದರೆ 186ನೇ ಕಲಮಿನಡಿ ಮೊದಲ ಸಲ 1,000 ರೂಪಾಯಿವರೆಗೆ ದಂಡ. ಆದರೆ ಯಾರಾದರೂ ಹೇಳದೆ ಆರ್‌ಟಿಒಗೆ ಅನುಮಾನ ಬರುವುದಾದರೂ ಹೇಗೆ?

ಇನ್ನು ಆ ನಮೂನೆ 1ಎ. ವೈದ್ಯರು ಅರ್ಜಿದಾರರ ಮುಖವನ್ನೇ ನೋಡದೆ ಸಹಿ ಮೊಹರು ಸಿಗುವ ಸ್ಥಳಗಳಿವೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಇದನ್ನು ನಾವು ‘ಫಾರ್ಮಾಲಿಟಿ’ ಎಂದು ಕರೆದು ಮುಗಿಸುತ್ತೇವೆ. ಆ ಕಾಗದ ಒಂದು ಸಾಕ್ಷ್ಯ. ಈ ಮನುಷ್ಯ ರಸ್ತೆಯಲ್ಲಿ ಇತರರಿಗೆ ಅಪಾಯವಲ್ಲ ಎಂದು ಒಬ್ಬರು ನುಡಿಯುವ ಶಹಾದತ್. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದನ್ನು ನಾವು ಜುಮಾ ಖುತ್ಬಾಗಳಲ್ಲಿ ಕೇಳಿದ್ದೇವೆ. ಹಣ ಕೊಟ್ಟು ಅದನ್ನು ಬರೆಸಿಕೊಂಡವರಿಗೂ ಬರೆದುಕೊಟ್ಟವರಿಗೂ ಆ ಮಾತು ಅನ್ವಯಿಸುವುದಿಲ್ಲವೇ? ಅಬ್ಬಾರನ್ನು ಪ್ರೀತಿಸುವ ಮಗ ಅವರ ಹೆಸರಲ್ಲಿ ಇಂಥ ಕಾಗದ ತರಬಾರದು.

ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ? ಬ್ರಿಟನ್ನಿನಲ್ಲಿ ಕಾಯಿಲೆ ಗೊತ್ತಾದ ಕೂಡಲೇ ಲೈಸೆನ್ಸ್ ಇಲಾಖೆಗೆ ತಿಳಿಸುವುದು ಕಡ್ಡಾಯ. ತಿಳಿಸಿದ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. ಪಕ್ಕದಲ್ಲಿ ತರಬೇತಾದವರು ಕೂತು ರಸ್ತೆಯಲ್ಲೇ ಓಡಿಸಿ ನೋಡುವ ವ್ಯವಸ್ಥೆ ಇದೆ, ಕೆಲವರಿಗೆ ಒಂದೊಂದೇ ವರ್ಷಕ್ಕೆ ಲೈಸೆನ್ಸ್ ಕೊಡುತ್ತಾರೆ. ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣದ ವೇಳೆ ನೆನಪಿನ ಪರೀಕ್ಷೆ ಇದೆ. ಅದರಲ್ಲಿ ಅನುಮಾನ ಕಂಡವರು ವೈದ್ಯರ ತಪಾಸಣೆಗೆ ಒಳಗಾಗಲೇಬೇಕೆಂದು 2017ರಲ್ಲಿ ಕಾನೂನು ಬಿಗಿಯಾಯಿತು. 2019ರ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ 87ರ ವೃದ್ಧರೊಬ್ಬರು ಓಡಿಸುತ್ತಿದ್ದ ಕಾರು ತಾಯಿ ಮತ್ತು ಮೂರು ವರ್ಷದ ಮಗಳನ್ನು ಕೊಂದಿತು. ಬ್ರೇಕ್ ಬದಲು ಎಕ್ಸಲೇಟರ್ ತುಳಿದಿದ್ದರು. ಆ ಒಂದೇ ವರ್ಷ ಅಲ್ಲಿ ಸುಮಾರು 6 ಲಕ್ಷ ಜನ ತಾವಾಗಿಯೇ ಲೈಸೆನ್ಸ್ ಹಿಂತಿರುಗಿಸಿದರು. ಹಿಂತಿರುಗಿಸಿದವರಿಗೆ ಬಸ್ಸು ಟ್ಯಾಕ್ಸಿ ದರದಲ್ಲಿ ರಿಯಾಯಿತಿ ಕೊಡುವ ಊರುಗಳಿವೆ. ನಮ್ಮಲ್ಲಿ ಅಂಥ ಪರೀಕ್ಷೆಯೂ ಇಲ್ಲ, ರಿಯಾಯಿತಿಯೂ ಇಲ್ಲ. ಇರುವುದು ಮನೆಯವರ ಕಣ್ಣು.

ಆ ಕಣ್ಣನ್ನು ಕೀಳಾಗಿ ಕಾಣಬೇಡಿ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಇರುವ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. “ನಾನು ಚೆನ್ನಾಗಿಯೇ ಓಡಿಸುತ್ತೇನೆ” ಎಂಬ ರೋಗಿಯ ಮಾತಿನಿಂದ ಏನೂ ತಿಳಿಯುವುದಿಲ್ಲ, “ಅವರು ಓಡಿಸುವುದು ಭಯವಾಗುತ್ತದೆ” ಎಂಬ ಮನೆಯವರ ಮಾತಿಗೆ ಬೆಲೆಯಿದೆ ಎಂಬುದು ಅದರ ತಾತ್ಪರ್ಯ. ಈಚೆಗೆ ಆದ ಅಪಘಾತಗಳು, ತಾವಾಗಿಯೇ ರಾತ್ರಿ ಅಥವಾ ಮಳೆಯಲ್ಲಿ ಓಡಿಸುವುದನ್ನು ಬಿಟ್ಟಿರುವುದು, ಮೊದಲಿಲ್ಲದ ಮುಂಗೋಪ, ಇವನ್ನೂ ಅದು ಎಚ್ಚರಿಕೆಯ ಗುರುತುಗಳೆಂದು ಪರಿಗಣಿಸಿತು. ಅದೇ ಮಾರ್ಗಸೂಚಿಯ ಇನ್ನೊಂದು ಮಾತನ್ನೂ ಹೇಳಲೇಬೇಕು: ಕಾಯಿಲೆ ಸೌಮ್ಯ ಹಂತದಲ್ಲಿರುವವರಲ್ಲಿ ನೂರಕ್ಕೆ 76ರಷ್ಟು ಜನ ರಸ್ತೆ ಪರೀಕ್ಷೆಯಲ್ಲಿ ಪಾಸಾದ ಉದಾಹರಣೆಯಿದೆ. ಆದ್ದರಿಂದ ಡಾಕ್ಟರ ಚೀಟಿಯಲ್ಲಿ ಡಿಮೆನ್ಶಿಯಾ ಎಂಬ ಪದ ಕಂಡ ದಿನವೇ ಕೀ ಕಿತ್ತುಕೊಳ್ಳುವುದು ಅನ್ಯಾಯ. ಮಧ್ಯಮ ಹಂತ ಮುಟ್ಟಿದ ಮೇಲೂ ಕೊಡುವುದು ಅಪರಾಧ. ಈ ಎರಡರ ನಡುವಿನ ಅವಧಿಯಲ್ಲಿ ಆರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಿರಬೇಕು.

ನೋಡುವುದು ಹೇಗೆ? ಎರಡು ವಾರ ಬೇರೆಬೇರೆ ಹೊತ್ತಿನಲ್ಲಿ ಅವರ ಹಿಂದೆ ಕೂತು ಹೋಗಿ. ಟೀಕೆ ಬೇಡ, ದಾರಿ ಹೇಳಿಕೊಡುವುದೂ ಬೇಡ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಗಲಾಟೆಯಲ್ಲಿ ಏನು ಮಾಡುತ್ತಾರೆ, ಬಂಗಾರಪೇಟೆ ರಸ್ತೆಯಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಏನು ಮಾಡುತ್ತಾರೆ, ಮಾತಾಡಿಸಿದರೆ ಗಾಡಿ ವಾಲುತ್ತದೆಯೇ, ಇಂಡಿಕೇಟರ್ ಎಡಕ್ಕೆ ಹಾಕಿ ಬಲಕ್ಕೆ ತಿರುಗುತ್ತಾರೆಯೇ, ಕಾರಣವಿಲ್ಲದೆ ನಡುರಸ್ತೆಯಲ್ಲಿ ನಿಲ್ಲಿಸುತ್ತಾರೆಯೇ. ಕಂಡದ್ದನ್ನು ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀವು ಬೆಂಗಳೂರಿಗೆ ಹೋಗಿಬರುವವರಾದರೆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಮೂಲೆ ಅಂಗಡಿಯವರನ್ನು, ಮಸೀದಿ ಮುಂದೆ ಗಾಡಿ ನಿಲ್ಲಿಸುವ ಹುಡುಗರನ್ನು ಕೇಳಿ. ನಿಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಮಾವನ ಬಗ್ಗೆ ಸೊಸೆ ಹೇಳಿದ್ದನ್ನು ದೂರು ಎಂದು ತಳ್ಳಿಹಾಕುವ ಮನೆಗಳಲ್ಲಿ ಎಷ್ಟೋ ಅಪಘಾತಗಳು ಮೊದಲೇ ಗೊತ್ತಿದ್ದೇ ಆಗುತ್ತವೆ. ಇದಕ್ಕಿಂತ ಸರಳವಾದ ಒಂದು ಪ್ರಶ್ನೆಯೂ ಇದೆ. ನಾಳೆ ಬೆಳಿಗ್ಗೆ ನಿಮ್ಮ ಐದು ವರ್ಷದ ಮಗುವನ್ನು ಆ ಗಾಡಿಯ ಮುಂದೆ ನಿಲ್ಲಿಸಿ ಶಾಲೆಗೆ ಕಳುಹಿಸುತ್ತೀರಾ? ಮನಸ್ಸು ಹಿಂಜರಿದರೆ, ಬೇರೆಯವರ ಮಕ್ಕಳು ನಡೆಯುವ ರಸ್ತೆಗೂ ಆ ಗಾಡಿ ಇಳಿಯಬಾರದು.

ಆ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ. ಎಲ್ಲ ಮರೆವೂ ಮರೆಗುಳಿ ಕಾಯಿಲೆಯಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ, ಕೆಲವು ನೆಗಡಿ ಮಾತ್ರೆಗಳು, ಎಂದೋ ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಮನುಷ್ಯನನ್ನು ಮಂಕಾಗಿಸುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಚಾಲನೆ ಸುಧಾರಿಸಿದವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಲೂ ಇದೇ ಗೊಂದಲ ಕಾಣುತ್ತದೆ. ರಮಝಾನಿನಲ್ಲಿ ಇಫ್ತಾರಿಗೆ ಮುಂಚಿನ ಅರ್ಧ ಗಂಟೆ ಅಂಥ ಹಿರಿಯರು ಹಣ್ಣು, ಸಮೋಸ ತರಲೆಂದು ಗಾಡಿ ಹತ್ತುವುದನ್ನು ದಯವಿಟ್ಟು ತಡೆಯಿರಿ, ಆ ಕೆಲಸ ಮಾಡಲು ಮನೆಯಲ್ಲಿ ಬೇರೆಯವರಿರುತ್ತಾರೆ.

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯದೇ ದೊಡ್ಡ ಆಸ್ಪತ್ರೆ ಇದ್ದ ಕಾಲ ಮುಗಿದಿದೆ. ಈಗ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಅಲ್ಲಿ ನೆನಪಿನ ಪರೀಕ್ಷೆ ಮಾಡುವಾಗ ಒಂದು ವಿಷಯವನ್ನು ನೀವೇ ಹೇಳಿ: ಅವರ ಮನೆಮಾತು ಯಾವುದು, ಎಷ್ಟು ಓದಿದ್ದಾರೆ. ದಖನಿ ಉರ್ದುವಿನಲ್ಲಿ ಯೋಚಿಸುವ, ತಮಿಳಿನಲ್ಲಿ ವ್ಯಾಪಾರ ಮಾಡುವ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಕೆಜಿಎಫ್‌ನ ಹಿರಿಯರಿಗೆ ಬೇರೆ ಭಾಷೆಯಲ್ಲಿ ನೂರರಿಂದ ಏಳೇಳು ಕಳೆಯಲು ಹೇಳಿದರೆ ಆರೋಗ್ಯವಂತರೂ ಫೇಲಾಗುತ್ತಾರೆ. ಚೆನ್ನಾಗಿ ಓದಿದವರು ಕಾಯಿಲೆ ಇದ್ದೂ ಪಾಸಾಗಬಹುದು. ಆ ಅಂಕಗಳ ಮೇಲೆ ಮಾತ್ರ ಗಾಡಿಯ ತೀರ್ಮಾನ ಆಗಬಾರದು. “ಡಾಕ್ಟ್ರೇ, ಇವರು ಗಾಡಿ ಓಡಿಸುತ್ತಾರೆ, ಓಡಿಸಬಹುದೇ?” ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮಗನ ಮಾತಿಗೆ ಬಗ್ಗದವರು ಡಾಕ್ಟರ ಬರಹಕ್ಕೆ ಬಗ್ಗುತ್ತಾರೆ.

ಕಷ್ಟವಿರುವುದು ಇನ್ನು ಮುಂದೆ. ಹೆತ್ತವರ ಎದುರು ‘ಛೆ’ ಎಂದೂ ಅನ್ನಬಾರದೆಂದು ಕುರ್‌ಆನ್ ಕಲಿಸಿದೆಯಲ್ಲ, ಅಬ್ಬಾರ ಕೈಯಿಂದ ಕೀ ತೆಗೆದುಕೊಳ್ಳುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಅದೇ ಕುರ್‌ಆನ್ ಅನ್ನಹ್ಲ್ ಸೂರಾದಲ್ಲಿ, ತಿಳಿದಿದ್ದ ಮನುಷ್ಯ ಮುಪ್ಪಿನಲ್ಲಿ ಏನೂ ತಿಳಿಯದಂತಾಗುವ ಸ್ಥಿತಿಯನ್ನು ಬಿಚ್ಚುಮನಸ್ಸಿನಿಂದ ಹೇಳಿದೆ. ಅನ್ನಿಸಾ ಸೂರಾದ ಆರಂಭದಲ್ಲಿ, ವಿವೇಕ ಸಾಲದವರ ಕೈಗೆ ಸಂಪತ್ತನ್ನು ಒಪ್ಪಿಸಬೇಡಿ ಎನ್ನುವಾಗಲೇ ಅವರಿಗೆ ಊಟ ಬಟ್ಟೆ ಕೊಡಿ, ಒಳ್ಳೆಯ ಮಾತಾಡಿ ಎಂದೂ ಹೇಳಲಾಗಿದೆ. ಸಂಪತ್ತಿನ ವಿಷಯದಲ್ಲೇ ಹೀಗಾದರೆ ಜೀವದ ವಿಷಯದಲ್ಲಿ ಹೇಗಿರಬೇಕು? ಜವಾಬ್ದಾರಿ ತೆಗೆದುಕೊಳ್ಳುವುದೂ ಮರ್ಯಾದೆ ಉಳಿಸುವುದೂ ಅಲ್ಲಿ ಒಂದೇ ಮಾತಿನಲ್ಲಿವೆ. ಅರಿಯದೆ ಆದ ಕೊಲೆಗೂ ಪರಿಹಾರ, ಪ್ರಾಯಶ್ಚಿತ್ತ ಎಷ್ಟು ಭಾರವಾದುದೆಂದು ಅದೇ ಸೂರಾದ 92ನೇ ವಚನ ಓದಿದವರಿಗೆ ಗೊತ್ತು. ಕೊನೆಗಾಲದಲ್ಲಿ ಆ ಭಾರ ಅಬ್ಬಾರ ಹೆಗಲಿಗೆ ಬೀಳದಂತೆ ನೋಡುವುದೂ ಮಕ್ಕಳ ಸೇವೆಯೇ.

ಹಾಗಾಗಿ ಆರಂಭದ ಹಂತದಲ್ಲೇ, ಅವರಿಗೆ ಇನ್ನೂ ಎಲ್ಲ ಅರ್ಥವಾಗುವಾಗ, ಮಾತಾಡಿ. ಎಲ್ಲರ ಮುಂದೆ ಬೇಡ. ಅವರು ಗೌರವಿಸುವ ತಮ್ಮ, ಹಳೆಯ ಗೆಳೆಯ ಅಥವಾ ಇಮಾಮ್ ಸಾಹೇಬರು ಒಬ್ಬರು ಜೊತೆಗಿರಲಿ. ಮೊದಲು ರಾತ್ರಿ ಬೇಡ, ಆಮೇಲೆ ಹೆದ್ದಾರಿ ಬೇಡ, ಮಗುವನ್ನು ಕೂರಿಸಿಕೊಳ್ಳುವುದು ಬೇಡ, ಹತ್ತಿರದ ಮಸೀದಿ ಅಂಗಡಿಗೆ ಮಾತ್ರ ಎಂದು ಹಂತಹಂತವಾಗಿ ಅವರಿಂದಲೇ ಒಪ್ಪಿಸಿ. ಹಳೆಯ ಸ್ಕೂಟರ್ ಕಷ್ಟವೆಂದು ಹೊಸ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸುವ ಉಪಾಯ ಬೇಡವೇ ಬೇಡ. ಸದ್ದಿಲ್ಲದ, ಸ್ವಲ್ಪ ತಿರುಗಿಸಿದರೆ ಮುನ್ನುಗ್ಗುವ ಹೊಸ ಗಾಡಿಯನ್ನು ಕಲಿಯುವ ಶಕ್ತಿಯೇ ಈ ಕಾಯಿಲೆಯಲ್ಲಿ ಮೊದಲು ಹೋಗುವುದು. ಈ ಹಂತದಲ್ಲಿ “ಗಾಡಿ ರಿಪೇರಿಗೆ ಕೊಟ್ಟಿದೆ” ಎಂಬ ಸುಳ್ಳನ್ನು ನಾನು ಒಪ್ಪುವುದಿಲ್ಲ. ಕಾಯಿಲೆ ಮುಂದುವರಿದು, ನಿನ್ನೆ ಒಪ್ಪಿದ್ದು ಇಂದು ನೆನಪಿಲ್ಲದೆ ದಿನವೂ ಕೀ ಹುಡುಕುವಂತಾದಾಗ ಬೇರೆ ಲೆಕ್ಕ. ಆಗ ಗಾಡಿಯನ್ನು ಮಾರಿಬಿಡಿ, ಇಲ್ಲವೇ ಕಣ್ಣಿಗೆ ಬೀಳದ ಕಡೆ ನಿಲ್ಲಿಸಿ. ದಿನವೂ ವಾದ ಮಾಡಿ ಅವರನ್ನು ಅಳಿಸುವುದಕ್ಕಿಂತ ಅದು ಮೇಲು.

ಆಟೋ ಓಡಿಸಿ ಮನೆ ನಡೆಸುವವರಾದರೆ? ಇಲ್ಲಿ ಉಪದೇಶ ಸುಲಭ, ಅಕ್ಕಿ ಕಷ್ಟ. ಆಟೋವನ್ನು ದಿನದ ಬಾಡಿಗೆಗೆ ನಂಬಿಕಸ್ಥ ಹುಡುಗನಿಗೆ ಕೊಟ್ಟರೆ ಸ್ವಲ್ಪವಾದರೂ ಆದಾಯ ಉಳಿಯುತ್ತದೆ. ಮಿಕ್ಕದ್ದಕ್ಕೆ ಜಮಾಅತ್ ಕೈಜೋಡಿಸಬೇಕು. ದುಡಿಮೆ ನಿಂತ ಮನೆಗೆ ಝಕಾತ್ ಸಲ್ಲುತ್ತದೆಯೇ ಎಂದು ನಿಮ್ಮ ಮಸೀದಿಯ ಉಲಮಾಗಳನ್ನು ಕೇಳಿ ನೋಡಿ. ಆಟೋ ಬಿಟ್ಟವರು ಸಾರಥಿ ಪೋರ್ಟಲ್ಲಿನಲ್ಲಿ ಲೈಸೆನ್ಸಿನ ಆ ವರ್ಗವನ್ನು ಮಾತ್ರ ಒಪ್ಪಿಸಲು ಅವಕಾಶವಿದೆ, ಕೆಜಿಎಫ್ ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಬಹುದು.

ಗಾಡಿ ಹೋದರೆ ಹಿರಿಯರು ಕಳೆದುಕೊಳ್ಳುವುದು ಪೆಟ್ರೋಲಿನ ಖರ್ಚನ್ನಷ್ಟೇ ಅಲ್ಲ. ಫಜ್ರ್‌ಗೆ ಮಸೀದಿ, ಆಮೇಲೆ ಗೆಳೆಯರೊಂದಿಗೆ ಚಹಾ, ಎರಡೂ ಹೋಗುತ್ತವೆ. ಮನೆಯೊಳಗೆ ಕೂತವರ ಮರೆವು ಇನ್ನೂ ಬೇಗ ಹೆಚ್ಚುತ್ತದೆ. ಗಾಡಿ ಬಿಡಿಸುವ ಮೊದಲೇ, ಯಾವ ದಿನ ಯಾರು ಅವರನ್ನು ಕರೆದೊಯ್ಯುತ್ತಾರೆಂದು ಮನೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮಸೀದಿ ಕಮಿಟಿಗಳು ಜುಮಾಕ್ಕೆ, ಪಿಂಚಣಿ ದಿನಕ್ಕೆ ಬೀದಿಗೊಬ್ಬ ಯುವಕನನ್ನು ಗೊತ್ತುಮಾಡಿದರೆ ಸಾಕು, ಹೊಸ ಟ್ರಸ್ಟೂ ಬೇಡ ಉದ್ಘಾಟನೆಯೂ ಬೇಡ. ದಾರಿ ತೋಚದ ಮನೆಯವರು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ, ನೋಡಿಕೊಂಡು ನೋಡಿಕೊಂಡು ಮನಸ್ಸು ಸೋತವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಎರಡಕ್ಕೂ ಹಣವಿಲ್ಲ.